ಬೇಳೆ ಗೋದಾಮಿನಲ್ಲಿ ಬಲಗಾಲು ಮೊದಲು

ಕಪನೂರಿನ ಒಂದು ದಾಲ್ ಮಿಲ್ಲಿನ ಹಿಂದಿನ ಗೋದಾಮು. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಯಂತ್ರಗಳು ಶುರುವಾಗಿಲ್ಲ. ತೊಗರಿ ಚೀಲಗಳ ಎರಡು ಒಟ್ಟಿಲುಗಳ ನಡುವೆ ನೀರಿನ ಪೈಪೊಂದನ್ನು ಅಡ್ಡ ಇಟ್ಟು ಸುತಳಿಯಿಂದ ಬಿಗಿದು ಕಟ್ಟಿದ್ದಾರೆ. ಪೈಪಿನ ಹತ್ತಿರ ಇಬ್ಬರು ನಿಂತಿದ್ದಾರೆ. ಒಬ್ಬರು ನಲವತ್ತು ದಾಟಿದ ಕಾವೇರಿ, ಈ ಮಿಲ್ಲಿನಲ್ಲೇ ಬೇಳೆ ಆರಿಸುವ ಕೆಲಸದವರು. ಇನ್ನೊಬ್ಬಳು ಐದನೇ ಇಯತ್ತೆಯ ಮಲ್ಲಿಕಾ. ಚೀಲದ ಮೇಲಿಟ್ಟ ಮೊಬೈಲಿನಿಂದ ಪಿಯಾನೊ ಕೇಳಿಸುತ್ತದೆ. ಮಲ್ಲಿಕಾ ಎಡಗೈಯಿಂದ ಪೈಪು ಹಿಡಿಯುತ್ತಾಳೆ, ಕಾವೇರಿ ಬಲಗೈಯಿಂದ. ಇಬ್ಬರೂ ಒಂದೇ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಈಗ ಎದುರುಬದುರಾಗಿ, ಮೂಗಿಗೆ ಮೂಗು ತಾಗುವ ಹಾಗೆ ನಿಂತಿದ್ದಾರೆ.

"ಟೀಚರ್, ಮತ್ತ ನನ್ನ ಮಾರಿ ನೋಡ್ಲಾಕತ್ತೀರಿ," ಎನ್ನುತ್ತಾಳೆ ಮಲ್ಲಿಕಾ.

"ನಿನ್ನ ಮಾರಿ ಚಂದ ಅದಾ ಅಂತ ಅಲ್ಲ. ಹಾಡು ತಿರಗ ಹಚ್ಚು."

ಹಾಡು ಮತ್ತೆ ಶುರುವಾಗುತ್ತದೆ. ಕಾವೇರಿ ಈ ಸಲ ತಿರುಗಿ ನಿಂತು ಎಡಗೈಯಿಂದ ಪೈಪು ಹಿಡಿಯುತ್ತಾರೆ. ಹಿಮ್ಮಡಿ ಜೋಡಿಸಿ, ಪಾದದ ತುದಿಗಳನ್ನು ಹೊರಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಮೊಣಕಾಲು ಬಾಗಿಸುತ್ತಾರೆ. ಕಾವೇರಿಯವರ ಮೊಣಕಾಲಿನಿಂದ ಲಟಕ್ ಎಂಬ ಸದ್ದು ಬರುತ್ತದೆ. ಯಾರೂ ನಗುವುದಿಲ್ಲ. ಅದು ದಿನಾ ಬರುವ ಸದ್ದು.

ಇದು ಬ್ಯಾಲೆ. ಯೂರೋಪಿನ ಶಾಸ್ತ್ರೀಯ ನೃತ್ಯ. ಅದರ ಆರಂಭದ ಹಂತದ ಪರೀಕ್ಷೆಯೊಂದು ಹೈದರಾಬಾದಿನಲ್ಲಿ ನಡೆಯಲಿದೆ. ಅದಕ್ಕೆ ಮಲ್ಲಿಕಾ ಕೂರುತ್ತಾಳೆ, ಕಮಲಾಪುರದ ಭಾಗಮ್ಮ ಎಂಬ ಹುಡುಗಿ ಕೂರುತ್ತಾಳೆ. ಇಬ್ಬರಿಗೂ ಕಲಿಸುವವರು ಕಾವೇರಿ. ಅದೇ ಪರೀಕ್ಷೆಗೆ ಅವರೂ ಕೂರುತ್ತಿದ್ದಾರೆ. ಅವರ ಹತ್ತಿರ ಈ ನೃತ್ಯದ ಯಾವ ಪ್ರಮಾಣಪತ್ರವೂ ಇಲ್ಲ. ಈ ಸಲ ಪಾಸಾಗದಿದ್ದರೆ ಮುಂದಿನ ವರ್ಷದಿಂದ ಅವರ ಯಾವ ಹುಡುಗಿಯೂ ಪರೀಕ್ಷೆಗೆ ಹೋಗುವಂತಿಲ್ಲ. ಪರೀಕ್ಷೆ ಇಲ್ಲದ ಕ್ಲಾಸಿಗೆ ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ.

ಕಾವೇರಿ ಹುಟ್ಟಿದ್ದು ಕಮಲಾಪುರದಲ್ಲಿ. ತಾಯಿ ಬಂಡೆಮ್ಮ ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋದಾಗ ಮಗಳನ್ನೂ ಕರೆದುಕೊಂಡು ಹೋದರು. ಶಾಲೆ ಏಳನೆಯದಕ್ಕೆ ನಿಂತಿತು. ಅವರು ಇದ್ದ ಕೂಲಿಕಾರರ ಬಸ್ತಿಯ ಹತ್ತಿರದ ದೊಡ್ಡ ಕಟ್ಟಡವೊಂದರಲ್ಲಿ ಬ್ಯಾಲೆ ಕ್ಲಾಸು ನಡೆಯುತ್ತಿತ್ತು. ಅಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಕಾವೇರಿಗೆ ಸಿಕ್ಕಿತು. ಒಂದು ಕ್ಲಾಸು ಮುಗಿದು ಇನ್ನೊಂದು ಶುರುವಾಗುವ ನಡುವೆ ಒರೆಸಬೇಕು. ಕ್ಲಾಸು ನಡೆಯುವಾಗ ಒಳಗೆ ಇರುವಂತಿಲ್ಲ. ಮುಂದಿನ ಗ್ಯಾಲರಿಯಲ್ಲಿ, ಗಾಜಿನ ಆಚೆ ನಿಂತು ಕಾಯಬೇಕು.

"ಸುಮ್ನ ನಿಂತ್ರ ಕಾಲು ಜೋಮು ಹಿಡೀತಾವ್ರಿ," ಎನ್ನುತ್ತಾರೆ. "ಗಾಜಿನ ಆ ಕಡಿ ಅವರು ಮಾಡ್ತಿದ್ರು, ಈ ಕಡಿ ನಾ ಮಾಡ್ತಿದ್ದೆ. ಅವರು ಕಾಲು ಎತ್ತಿದ್ರ ನಾನೂ ಎತ್ತೂದು. ಕೈಯಾಗ ನೆಲ ಒರಸೂ ಫಡಕಿ ಇರ್ತಿತ್ತು, ಅಷ್ಟ ಫರಕು."

ಯಾಕೆ ಮಾಡುತ್ತಿದ್ದಿರಿ ಎಂದರೆ ದೊಡ್ಡ ಉತ್ತರ ಬರುವುದಿಲ್ಲ. "ಚಂದ ಕಾಣ್ತಿತ್ತು. ಚಂದ ಕಂಡಿದ್ದನ್ನ ಮಾಡಬೇಕು ಅನಿಸ್ತು. ಅದಕ್ಕ ಕಾರಣ ಬೇಕೇನ್ರಿ?"

ಹಾಗೆ ಹಲವು ವರ್ಷ ನೋಡಿದರು. ಕ್ಲಾಸಿನ ಮಕ್ಕಳು ಪರೀಕ್ಷೆಗೆ ತಯಾರಾಗುವಾಗ ಒಂದೇ ಪಾಠವನ್ನು ತಿಂಗಳುಗಟ್ಟಲೆ ಮಾಡುತ್ತಾರೆ. ಗಾಜಿನ ಆಚೆಯವರಿಗೂ ಅದು ಬಾಯಿಪಾಠವಾಗುತ್ತದೆ. ಮದುವೆಯಾಗಿ ಕಲಬುರಗಿಗೆ ಬಂದ ಮೇಲೂ ಕಾವೇರಿಯವರ ಕಾಲು ಅದನ್ನು ಮರೆಯಲಿಲ್ಲ. ಗಂಡ ಆನಂದಕುಮಾರ ಟೆಂಪೊ ಓಡಿಸುತ್ತಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಒಲೆಯ ಮುಂದೆ ಹಿಮ್ಮಡಿ ಎತ್ತಿ ಇಳಿಸುವುದನ್ನು ನೋಡಿ ಅವರು ದವಾಖಾನೆಗೆ ಹೋಗೋಣ ಅಂದಿದ್ದರಂತೆ. ಈಗ ಏನೂ ಅನ್ನುವುದಿಲ್ಲ. ಬೆಳಿಗ್ಗೆ ಚಹಾ ಅವರೇ ಮಾಡಿಕೊಳ್ಳುತ್ತಾರೆ.

ಮಿಲ್ಲಿನಲ್ಲಿ ಕಾವೇರಿಯವರ ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಶುರು. ಯಂತ್ರದಿಂದ ಬಂದ ಬೇಳೆಯಲ್ಲಿ ಉಳಿದ ಹರಳು, ಕಪ್ಪುಕಾಳು ತೆಗೆಯಬೇಕು. ಹೆಂಗಸರು ಕಾಳು ಕೇರುವ ಮರ ಹಿಡಿದು ಸಾಲಾಗಿ ಕೂರುತ್ತಾರೆ. ಎಲ್ಲರ ರೆಪ್ಪೆಯ ಮೇಲೂ ಬೇಳೆಯ ಹುಡಿ. ಪಕ್ಕದಲ್ಲಿ ಕೂರುವ ವಿಮಲಾಬಾಯಿ ಮಲ್ಲಿಕಾಳ ಅಜ್ಜಿ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಜೊತೆಗೆ ಕರೆತಂದಿದ್ದರು. ಊಟದ ಬಿಡುವಿನಲ್ಲಿ ಗೋದಾಮಿನ ಹಿಂದೆ ಕಾವೇರಿ ಒಬ್ಬರೇ ಕಾಲು ಚಾಚುತ್ತಿದ್ದುದನ್ನು ಆ ಹುಡುಗಿ ನೋಡಿ, ಎದುರಿಗೆ ನಿಂತು ತಾನೂ ಚಾಚಿದಳು. ಕ್ಲಾಸು ಶುರುವಾಗಿದ್ದು ಹೀಗೆ.

ವಿಮಲಾಬಾಯಿಗೆ ಈ ನೃತ್ಯದ ಹೆಸರು ಬಾಯಲ್ಲಿ ತಿರುಗುವುದಿಲ್ಲ. ಬ್ಯಾಳಿ ಡಾನ್ಸ್ ಎನ್ನುತ್ತಾರೆ. "ಕಾವೇರಿ, ಕುಂತ್ರ ಜರಾ ನೆಟ್ಟಗ ಕುಂದರು ಬೇ. ಬುಡಕ ಕಾಲು ಆಡಸ್ತಿ, ನನ್ನ ಮರ ಅಳ್ಳಾಡ್ತದ," ಎಂದು ಬೈಯುತ್ತಾರೆ. ಸೀರೆಯ ಒಳಗೆ ಪಾದದ ವ್ಯಾಯಾಮ ನಡೆದಿದೆ ಎಂದು ಅವರಿಗೆ ಗೊತ್ತು. ಇಷ್ಟು ಬೈದವರು ಮೊಮ್ಮಗಳ ಕೂದಲನ್ನು ಒಂದೆಳೆ ಹೊರಬರದ ಹಾಗೆ ಗಂಟು ಕಟ್ಟಿ ಮುಂಜಾನೆ ಕಳಿಸುವುದನ್ನು ತಪ್ಪಿಸಿಲ್ಲ.

ಭಾನುವಾರ ಕಾವೇರಿ ಕಮಲಾಪುರಕ್ಕೆ ಹೋಗುತ್ತಾರೆ. ಅಲ್ಲಿನ ಅಂಬೇಡ್ಕರ್ ಭವನದಲ್ಲಿ, ಮದುವೆ, ಸಭೆ ಇಲ್ಲದ ವಾರ, ಓಣಿಯ ಹುಡುಗಿಯರಿಗೆ ಕ್ಲಾಸು. ಅವರಲ್ಲಿ ಮುಂದೆ ಇರುವವಳು ಭಾಗಮ್ಮ. ಅವಳ ತಾಯಿ ನೇರವಾಗಿ ಹೇಳುತ್ತಾರೆ: "ಸರ್ಟಿಫಿಕೇಟ್ ಬರ್ತದಂತ ಕಳಸ್ಲಾಕತ್ತೀನಿ. ಬರೂದಿಲ್ಲಂದ್ರ ಮನಿಯಾಗ ಕೆಲಸ ಕಮ್ಮಿ ಅದಾ ಏನು?" ಇದನ್ನು ಅವರು ಕಾವೇರಿಯವರ ಎದುರಿಗೇ ಹೇಳಿದರು. ಕಾವೇರಿ ತಲೆಯಾಡಿಸಿದರು. ಅವರಿಗೂ ಅದು ನ್ಯಾಯದ ಮಾತೇ.

ಪರೀಕ್ಷೆಯ ದಾರಿ ತೋರಿಸಿದವರು ಹೈದರಾಬಾದಿನ ನೃತ್ಯ ಶಿಕ್ಷಕಿ ನಜ್ಮಾ. ಮೊಬೈಲಿನಲ್ಲಿ ಅವರ ವಿಡಿಯೊಗಳನ್ನು ನೋಡಿ ಕಾವೇರಿ ಒಂದು ದಿನ ಧ್ವನಿ ಸಂದೇಶ ಕಳಿಸಿದ್ದರು. ಮುಂಬೈ ಹಿಂದಿಯಲ್ಲಿ, ಹಿನ್ನೆಲೆಯಲ್ಲಿ ಮಿಲ್ಲಿನ ಸದ್ದು. ನಜ್ಮಾ ವಿಡಿಯೊ ಕೇಳಿದರು. ಆಮೇಲೆ ವಾರಕ್ಕೊಂದು ವಿಡಿಯೊ ಹೋಗತೊಡಗಿತು, ತಿದ್ದುಪಡಿ ಬರತೊಡಗಿತು. ಕೊನೆಗೆ ನಜ್ಮಾ ಒಂದು ಷರತ್ತು ಹೇಳಿದರು. ಈ ವರ್ಷ ಹುಡುಗಿಯರನ್ನು ತನ್ನ ಶಾಲೆಯ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸುತ್ತೇನೆ. ಮುಂದೆಯೂ ಕೂರಿಸಬೇಕೆಂದರೆ ಕಲಬುರಗಿಯ ಕ್ಲಾಸು ತನ್ನ ಶಾಲೆಯ ಶಾಖೆಯಾಗಬೇಕು. ಶಾಖೆ ನಡೆಸುವವರು ತಾವೇ ಕನಿಷ್ಠ ಮೊದಲ ಹಂತವನ್ನಾದರೂ ಪಾಸು ಮಾಡಿರಬೇಕು. ಎಲ್ಲ ಶಾಖೆಗೂ ಅದೇ ನಿಯಮ, ಕಾವೇರಿಗೆಂದು ಸಡಿಲಿಸುವುದಿಲ್ಲ.

ಕಾವೇರಿಗೆ ಇದು ಕಷ್ಟವೆನಿಸಲಿಲ್ಲ. ಪಾಠವೆಲ್ಲ ಬರುತ್ತದೆ, ಕಲಿಸಿಯೂ ಆಗಿದೆ. ತಪ್ಪು ಎಲ್ಲಿದೆ ಎಂದು ಗೊತ್ತಾದದ್ದು ಪರೀಕ್ಷೆಗೆ ತಿಂಗಳೂ ಉಳಿಯದಿದ್ದಾಗ.

ಗೋದಾಮಿನಲ್ಲಿ ಕನ್ನಡಿ ಇಲ್ಲ. ಹುಡುಗಿಯರು ತಮ್ಮನ್ನು ನೋಡಿಕೊಂಡು ತಿದ್ದಿಕೊಳ್ಳಲಿ ಎಂದು ಕಾವೇರಿ ಯಾವಾಗಲೂ ಸೆಲ್ಫಿ ಕ್ಯಾಮೆರಾದಲ್ಲೇ ವಿಡಿಯೊ ಮಾಡುತ್ತಿದ್ದರು. ಅವರ ಫೋನಿನ ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲವಾಗಿ, ಬಲವನ್ನು ಎಡವಾಗಿ ತೋರಿಸುತ್ತದೆ. ಒಂದು ವಿಡಿಯೊದಲ್ಲಿ ಹಿಂದಿನ ಚೀಲಗಳ ಮೇಲಿನ ಇಂಗ್ಲಿಷ್ ಅಕ್ಷರಗಳು ತಿರುವುಮುರುವಾಗಿ ಇರುವುದನ್ನು ನಜ್ಮಾ ಗಮನಿಸಿದರು. ಕೂಡಲೇ ಫೋನು ಮಾಡಿ, ಹಿಂದಿನ ಕ್ಯಾಮೆರಾದಲ್ಲಿ ಅದೇ ಪಾಠ ಕಳಿಸು ಅಂದರು. ಕಳಿಸಿದರು. ಉತ್ತರ ಒಂದೇ ಸಾಲು: "ಕಾವೇರಿ, ಸಬ್ ಉಲ್ಟಾ ಹೈ."

ಮುಂಬೈಯ ಗಾಜಿನ ಆಚೆ ಕಾವೇರಿ ನಿಂತಿದ್ದು ಮಕ್ಕಳ ಎದುರಿಗೆ. ಎದುರಿಗಿದ್ದವರು ಬಲಗಾಲು ಎತ್ತಿದರೆ ಅದು ನೋಡುವವರ ಎಡಕ್ಕೆ ಬರುತ್ತದೆ. ಕಾವೇರಿ ಎಡಗಾಲು ಎತ್ತಿದರು. ಹೀಗೆ ಇಡೀ ಪಾಠ ತಲೆಕೆಳಗಲ್ಲದಿದ್ದರೂ ಎಡಬಲ ಅದಲುಬದಲಾಗಿ ಅವರ ಮೈಗೆ ಇಳಿದಿತ್ತು. ಅದನ್ನೇ ಹುಡುಗಿಯರಿಗೆ ಕಲಿಸಿದ್ದರು. ಎಡಗೈಯಿಂದ ಹಿಡಿಯಬೇಕಾದ ಪೈಪನ್ನು ಬಲಗೈಯಿಂದ ಹಿಡಿಯುವುದು, ಬಲಕ್ಕೆ ಓಡಬೇಕಾದಲ್ಲಿ ಎಡಕ್ಕೆ ಓಡುವುದು. ಸೆಲ್ಫಿ ಕ್ಯಾಮೆರಾ ಆ ತಪ್ಪನ್ನು ಇನ್ನೊಮ್ಮೆ ತಿರುಗಿಸಿ ನಜ್ಮಾ ಅವರಿಗೆ ಸರಿಯಾಗಿ ತೋರಿಸುತ್ತಿತ್ತು.

"ಅವತ್ತ ಊಟ ಸೇರ್ಲಿಲ್ಲ," ಎನ್ನುತ್ತಾರೆ ಕಾವೇರಿ. "ನನ್ನ ಮಟ್ಟಿಗೆ ಆದ್ರ ಹೋಗ್ಲಿ ಅಂತಿದ್ದೆ. ಎರಡು ಹುಡುಗ್ಯಾರ ಕಾಲಿಗೂ ನನ್ನ ತಪ್ಪು ಹಚ್ಚಿದ್ನಲ್ಲ. ಗಂಡನ ಮನಿಗೆ ಬಲಗಾಲಿಟ್ಟ ಬಂದೀನಿ, ಇದರಾಗ ನೋಡಿದ್ರ ಎಡಗಾಲು."

ಮರುದಿನ ಬೆಳಿಗ್ಗೆ ಮಲ್ಲಿಕಾಗೆ ವಿಷಯ ಹೇಳಿದರು. ತಪ್ಪು ತನ್ನದು, ಎಲ್ಲ ಮತ್ತೆ ಮೊದಲಿನಿಂದ ಎಂದರು. ಎಡ ಬಲ ಎಂದು ಕೂಗಿದರೆ ಹಳೆಯ ಅಭ್ಯಾಸ ಅಡ್ಡ ಬರುತ್ತಿತ್ತು. ಅದಕ್ಕೆ ಬಲಕ್ಕೆ ಉಣ್ಣೋ ಕಡೆ ಎಂದು ಹೆಸರಿಟ್ಟರು. "ಉಣ್ಣೋ ಕೈ ಮ್ಯಾಲ, ಉಣ್ಣೋ ಕಾಲು ಮುಂದ" ಎಂದು ಕೂಗತೊಡಗಿದರು.

"ಕಾಲಿಲೆ ಯಾರ ಉಣ್ತಾರ ಟೀಚರ್?"

"ಈ ಪರೀಕ್ಷಾ ಮುಗೀತನಕ ನೀ ಉಣ್ಣು."

ಹುಡುಗಿಯರು ವಾರ ಕಳೆಯುವುದರೊಳಗೆ ತಿರುಗಿದರು. ಮಕ್ಕಳ ಮೈಯಲ್ಲಿ ಯಾವ ಪಾಠವೂ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ. ಭಾಗಮ್ಮ ಒಂದೇ ಭಾನುವಾರದಲ್ಲಿ ಹೊಸ ದಿಕ್ಕು ಹಿಡಿದಳು. ಹಳೆಯದು ಹೇಗಿತ್ತೆಂದು ಕೇಳಿದರೆ ನೆನಪಿಲ್ಲ ಅಂದಳು. ಕಾವೇರಿಗೆ ಮಾತ್ರ ಆಗಲಿಲ್ಲ. ಯೋಚಿಸಿ ಮಾಡಿದರೆ ಸರಿ ಬರುತ್ತದೆ, ಆದರೆ ಹಾಡಿಗಿಂತ ಹಿಂದೆ ಬೀಳುತ್ತಾರೆ. ಯೋಚಿಸದೆ ಮಾಡಿದರೆ ಹಾಡಿನ ಜೊತೆ ಇರುತ್ತಾರೆ, ದಿಕ್ಕು ತಪ್ಪುತ್ತದೆ. ಮಲ್ಲಿಕಾಳ ಮುಖ ಮೂಗಿನ ಹತ್ತಿರ ಬಂದಾಗಲೇ ಅದು ತಿಳಿಯುವುದು.

ಇದರಲ್ಲಿ ಮೈಮರೆಯುವಂಥದ್ದೇನೂ ಇಲ್ಲ. ಕಾವೇರಿಯವರ ಕಾಲು ಹುಡುಗಿಯರಷ್ಟು ಎತ್ತರಕ್ಕೆ ಏಳುವುದಿಲ್ಲ. ಹೊತ್ತಾರೆ ಕುಳಿತವರು ಸಂಜೆ ಏಳುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಅವರು ಚೆನ್ನಾಗಿ ಕುಣಿಯುತ್ತಾರೆ ಎಂದು ಬರೆದರೆ ಅವರೇ ಒಪ್ಪುವುದಿಲ್ಲ. ಆದರೆ ಬೆಳಿಗ್ಗೆ ಗೋದಾಮಿನ ಬೀಗ ತೆರೆಯುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿರುತ್ತಾರೆ. ಈ ವಿಷಯವನ್ನು ಮಿಲ್ಲಿನ ಕಾವಲುಗಾರ ಹಣಮಂತರಾಯ ದೂರಿನ ಧ್ವನಿಯಲ್ಲಿ ಹೇಳುತ್ತಾರೆ: "ನನಗೂ ನಿದ್ದಿ ಬ್ಯಾಡೇನ್ರಿ? ಸಾವುಕಾರ ಹ್ಞೂಂ ಅಂದಾರ, ನಾ ಕೀಲಿ ತೆಗೀಬೇಕು."

ಹಣಮಂತರಾಯರಿಗೆ ಇನ್ನೂ ಒಂದು ಕೆಲಸವಿದೆ. ಬ್ಯಾಲೆಯಲ್ಲಿ ಹಾರಿ ಇಳಿಯುವಾಗ ಸದ್ದಾಗಬಾರದು. ಬೆರಳು ಮೊದಲು, ಆಮೇಲೆ ಹಿಮ್ಮಡಿ, ಜೊತೆಗೆ ಮೊಣಕಾಲು ಬಾಗಬೇಕು. ನಮ್ಮ ಕಡೆಯ ಮಕ್ಕಳು ಶಾಲೆಯ ಕುಣಿತಗಳಲ್ಲಿ ನೆಲ ಬಡಿದು ಕಲಿತವರು. ಸದ್ದು ಬಂದರೇ ಕುಣಿದಂತೆ ಎಂದುಕೊಳ್ಳುತ್ತಾರೆ. ಗೋದಾಮಿನ ನೆಲ ಶಹಾಬಾದಿ ಕಲ್ಲಿನದು, ಅದರ ಮೇಲೆ ಹಾರಿದರೆ ಮೊಣಕಾಲು ಹೋಗುತ್ತದೆ. ಹೊಟ್ಟು ತುಂಬಿದ ಚೀಲಗಳನ್ನು ಹಾಸಿ, ಮೇಲೆ ಹಲಗೆ ಜೋಡಿಸಿ ಕಾವೇರಿ ಒಂದು ಅಟ್ಟಣೆ ಮಾಡಿಕೊಂಡಿದ್ದಾರೆ. ಹಣಮಂತರಾಯ ಹೊರಗೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ. ಒಳಗೆ ಯಾರಾದರೂ ಧಡ್ ಎಂದು ಇಳಿದರೆ ಕೋಲಿನಿಂದ ಕದ ಬಡಿಯುತ್ತಾರೆ.

"ಮೊದಮೊದಲು ಘಳಿಗಿಗೊಮ್ಮೆ ಬಡೀತಿದ್ದೆ," ಎನ್ನುತ್ತಾರೆ ಅವರು. "ಈಗ ಹುಡುಗಿ ಕೇಳಸಂಗಿಲ್ಲ. ಕಾವೇರಿ ಕೇಳಸ್ತಾಳ."

"ಕಾಕಾ, ನಿಮ್ಮ ಕಿವಿ ಚುರುಕು ಅದಾವ," ಎನ್ನುತ್ತಾರೆ ಕಾವೇರಿ ಒಳಗಿನಿಂದ.

"ನಿನ್ನ ತೂಕ ಚುರುಕು ಅದಾ ತಂಗಿ."

ಪರೀಕ್ಷೆಯ ಹಿಂದಿನ ಭಾನುವಾರ ಕಮಲಾಪುರ. ಮಲ್ಲಿಕಾಳನ್ನೂ ಕಾವೇರಿ ಕರೆತಂದಿದ್ದಾರೆ. ಅಂಬೇಡ್ಕರ್ ಭವನದ ಕುರ್ಚಿಗಳನ್ನು ಗೋಡೆಗೆ ಸರಿಸಿದ್ದಾರೆ. ಪರೀಕ್ಷೆಯ ಉಡುಪು ಹಾಕಿಕೊಂಡು ಕೊನೆಯ ಅಭ್ಯಾಸ. ಹುಡುಗಿಯರಿಗೆ ಮೈಗೆ ಅಂಟುವ ತಿಳಿನೀಲಿ ಉಡುಪು. ವಯಸ್ಕರಿಗೆ ಕಪ್ಪು ಪ್ಯಾಂಟು, ಕಪ್ಪು ಟೀಶರ್ಟು ನಡೆಯುತ್ತದೆ. ಮೂಲೆಯ ಕುರ್ಚಿಯಲ್ಲಿ ಕಾವೇರಿಯವರ ತಾಯಿ ಬಂಡೆಮ್ಮ ಬಾಳೆಹಣ್ಣು ಸುಲಿಯುತ್ತ ಕೂತಿದ್ದಾರೆ. ಮಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ.

"ಹಿಂಗ ಸೀರಿ ಬಿಟ್ಟ ಬಂದಿ ಏನ ಬಸ್ಸಿನ್ಯಾಗ?"

"ಇಲ್ಲ ಯವ್ವ, ಇಲ್ಲಿ ಬಂದ ಹಾಕ್ಕೊಂಡೀನಿ."

"ಹಾಕ್ಕೊಂಡ ಬಂದ್ರ ಯಾರ ಏನ ಮಾಡ್ತಾರ. ನಾ ಮುಂಬೈದಾಗ ಗಂಡಸರ ಅಂಗಿ ಹಾಕ್ಕೊಂಡ ಇಟ್ಟಂಗಿ ಹೊತ್ತೀನಿ. ಯಾರೂ ಹೊರಲಿಕ್ಕೆ ಬರ್ಲಿಲ್ಲ, ನೋಡ್ಲಿಕ್ಕೆ ಬರ್ತಿದ್ರು."

ಅಭ್ಯಾಸ ಶುರುವಾಗುತ್ತದೆ. ಕೊನೆಯ ನೃತ್ಯದಲ್ಲಿ ಮೂವರೂ ಸಾಲಾಗಿ ನಿಂತು ಬಲಕ್ಕೆ ಓಡಿ ಸುತ್ತು ಹಾಕಬೇಕು. ಕಾವೇರಿ ಎಡಕ್ಕೆ ಓಡುತ್ತಾರೆ. ನಿಲ್ಲಿಸುತ್ತಾರೆ. ಮತ್ತೆ ಹಾಡು. ಮತ್ತೆ ಎಡ. ಗೋಡೆಯ ಹತ್ತಿರ ಕೂತ ಚಿಕ್ಕ ಹುಡುಗಿಯರು ಮುಂದಿನ ಸಲ ಪರೀಕ್ಷೆಗೆ ಹೋಗಬೇಕಾದವರು. ಅವರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕಾವೇರಿ ಅವರ ಕಡೆ ತಿರುಗಿ, "ನಗ್ರಿ. ನಾ ಫೇಲಾದ್ರ ಮುಂದಿನ ವರ್ಷ ನಿಮಗ ನಗಲಿಕ್ಕೂ ಕ್ಲಾಸಿರಂಗಿಲ್ಲ," ಎಂದು ಹೇಳಿ ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಸಂಜೆ ಕಲಬುರಗಿಯ ಬಸ್ಸು ಬರುವತನಕ ಅದೊಂದೇ ತುಣುಕು ನಡೆಯಿತು. ಕಡೆಕಡೆಗೆ ಸರಿಯಾಗತೊಡಗಿತು, ಒಮ್ಮೆ ಬಿಟ್ಟು ಒಮ್ಮೆ.

ಹೈದರಾಬಾದಿನಲ್ಲಿ ನಜ್ಮಾ ಅವರ ಶಾಲೆಯಲ್ಲೇ ಪರೀಕ್ಷೆ. ಪರೀಕ್ಷೆಯ ಕೋಣೆಗೆ ಶಿಕ್ಷಕರನ್ನು ಬಿಡುವುದಿಲ್ಲ. ಕಾವೇರಿ ಎದೆಗೆ ನಂಬರಿನ ಚೀಟಿ ಸಿಕ್ಕಿಸಿಕೊಂಡು ಅಭ್ಯರ್ಥಿಯಾಗಿ ಒಳಗೆ ಹೋದರು. ನಜ್ಮಾ ಹೊರಗೆ ಉಳಿದರು. ಒಳಗೆ ನಡೆದದ್ದನ್ನು ಹೇಳಿದವರು ಆ ಮೂವರೇ, ಒಬ್ಬರ ಮಾತನ್ನು ಒಬ್ಬರು ಕಡಿದು.

ಪೈಪಿನ ಪಾಠಗಳು ಸರಿಹೋದವು. ಅಲ್ಲಿ ಪೈಪಲ್ಲ, ಪಾಲಿಶ್ ಮಾಡಿದ ಮರದ ಪಟ್ಟಿ. ಕಾವೇರಿ ಎಡಗೈಯಿಂದಲೇ ಹಿಡಿದರು. ಹಾರುವುದೂ ಆಯಿತು. ಕೊನೆಯ ನೃತ್ಯದಲ್ಲಿ ಪಿಯಾನೊ ಏರಿದಾಗ ಮಲ್ಲಿಕಾ, ಭಾಗಮ್ಮ ಬಲಕ್ಕೆ ಓಡಿದರು. ನಡುವೆ ಇದ್ದ ಕಾವೇರಿ ಎಡಕ್ಕೆ ಓಡಿದರು. ಎದುರಿನಿಂದ ಬರುತ್ತಿದ್ದವಳು ಮಲ್ಲಿಕಾ. ಅವಳು ನಿಲ್ಲಲಿಲ್ಲ. ಹಾಡು ಬಿಡದೆ ಅರ್ಧ ಹೆಜ್ಜೆ ಮುಂದಕ್ಕೆ ಸರಿದು ಟೀಚರ ಮುಂದಿನಿಂದ ಹಾದು ಹೋದಳು. ಕಾವೇರಿ ತಿರುಗಿ, ಅವಳ ಹಿಂದೆ ಓಡಿ ಸುತ್ತು ಸೇರಿಕೊಂಡರು. ಪರೀಕ್ಷಕಿ ತಲೆ ಬಗ್ಗಿಸಿ ಏನೋ ಬರೆದರು.

"ನಾ ಅಂದ್ಕೊಂಡೆ, ಮುಗೀತು ಅಂತ," ಎಂದರು ಕಾವೇರಿ. "ಖರೇ ಹೇಳ್ತೀನಿ, ಅಲ್ಲೇ ನಿಂತುಬಿಡಬೇಕು ಅನಿಸ್ತು. ಆದ್ರ ಮುಂದ ಎರಡು ಹುಡುಗ್ಯಾರು ಕುಣೀಲಾಕತ್ತಾರ. ನಾ ನಿಂತ್ರ ಅವರ ಸಾಲು ಕೆಡ್ತದ."

"ನಿಂತಿದ್ರ ನಾ ದೂಡ್ತಿದ್ದೆ," ಎಂದಳು ಮಲ್ಲಿಕಾ.

ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಆ ದಿನಗಳಲ್ಲೂ ಗೋದಾಮಿನ ಬಾಗಿಲು ತೆರೆಯುವುದು ನಿಲ್ಲಲಿಲ್ಲ. ಕಾವೇರಿ ಅದೇ ತುಣುಕನ್ನು ದಿನಾ ಬಲಕ್ಕೆ ಓಡಿದರು. ಈಗ ಯಾಕೆ ಎಂದು ವಿಮಲಾಬಾಯಿ ಕೇಳಿದ್ದಕ್ಕೆ, "ಫೇಲಾದ್ರ ಮತ್ತ ಕಟ್ಟಬೇಕಲ್ಲ," ಎಂದರು. "ಪಾಸಾದ್ರ ಕಲಸಬೇಕಲ್ಲ."

ಫೋನು ಬಂದದ್ದು ಕೆಲಸದ ನಡುವೆ, ಯಂತ್ರಗಳ ಸದ್ದಿನಲ್ಲಿ. ಮರ ಪಕ್ಕಕ್ಕಿಟ್ಟು ಕಾವೇರಿ ಅಂಗಳಕ್ಕೆ ಓಡಿದರು. ಮೂವರೂ ಪಾಸು. ಭಾಗಮ್ಮ, ಮಲ್ಲಿಕಾ ಇಬ್ಬರಿಗೂ ಮೇಲಿನ ದರ್ಜೆ. ಕಾವೇರಿಗೆ ಬರೀ ಪಾಸು, ಅದೂ ಅಂಚಿನಲ್ಲಿ. ದಿಕ್ಕಿನ ಬಗ್ಗೆ ಪರೀಕ್ಷಕಿ ಒಂದು ಸಾಲು ಬರೆದಿದ್ದಾರಂತೆ. ಕಲಬುರಗಿಯ ಶಾಖೆಗೆ ನಜ್ಮಾ ಒಪ್ಪಿದ್ದಾರೆ. ಕಮಲಾಪುರದ ಚಿಕ್ಕ ಹುಡುಗಿಯರು ಮುಂದಿನ ವರ್ಷ ಹೋಗಬಹುದು.

ಕಾವೇರಿ ವಾಪಸು ಬಂದು ಕೂತು ಬೇಳೆ ಎಳೆದುಕೊಳ್ಳುತ್ತಾರೆ. ವಿಮಲಾಬಾಯಿ ಕೈ ನಿಲ್ಲಿಸಿ ಕೇಳುತ್ತಾರೆ, "ಏನಾತು?"

"ನಿನ್ನ ಮೊಮ್ಮಗಳು ನನ್ನಕಿಂತ ಮುಂದ ಹೋಗ್ಯಾಳ."

"ನೀ?"

"ನಾ ಹಿಂದಿನಿಂದ ದಾಟೀನಿ."

ವಿಮಲಾಬಾಯಿ ಮತ್ತೆ ಮರಕ್ಕೆ ಕೈ ಹಾಕುತ್ತಾರೆ. "ಕಲಸಿದಾಕಿಗಿಂತ ಕಲತಾಕಿಗೆ ಹೆಚ್ಚ ಬಂದಾವಂದ್ರ ಜನ ನಗ್ತಾರ ನೋಡು," ಎನ್ನುತ್ತಾರೆ. ಸಾಲಿನ ಇನ್ನಿಬ್ಬರು ಆಗಲೇ ನಗುತ್ತಿದ್ದಾರೆ.

ಪತ್ರಿಕೆಗೆ ಈ ಲೇಖನ ಬರೆಯುವಾಗ ಅವರ ಅಂಕದ ವಿಷಯ ಬಿಡಬೇಕೇ ಎಂದು ನಾನು ಕೇಳಿದಾಗ ಕಾವೇರಿ ತಲೆ ಎತ್ತುವುದಿಲ್ಲ. ಕಪ್ಪುಕಾಳೊಂದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ.

"ಬಿಡಬ್ಯಾಡ್ರಿ. ನನಗ ಕಮ್ಮಿ ಬಂದಾವಂತ ಬರೀರಿ. ಅವರಿಗೆ ಹೆಚ್ಚ ಬಂದಾವಂತನೂ ಬರೀರಿ. ಅದರ ಬುಡಕ, ಅವರಿಗೆ ಕಲಸಿದಾಕಿ ಯಾರಂತ ಬರೀರಿ."